ಆಂಗ್ವಿಲ್ಲ ದ್ವೀಪ: ನೆಲ, ಜನ, ಆಡಳಿತ

ವೆಸ್ಟ್ ಇಂಡೀಸ್ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಕ್ರಿಕೆಟ್. ಆದರೆ ಆ ಹೆಸರಿನ ರಾಷ್ಟ್ರವೊಂದು ಭೂಪಟದಲ್ಲಿ ಎಲ್ಲಿಯೂ ಇಲ್ಲ. ಕೆರಿಬಿಯನ್ ಸಮುದ್ರದ ಸುತ್ತ ಚದುರಿಬಿದ್ದಿರುವ ಹಲವು ಸ್ವತಂತ್ರ ದೇಶಗಳೂ ಕೆಲವು ಪರಾಧೀನ ದ್ವೀಪಗಳೂ ಸೇರಿ ಆಡುವ ತಂಡವದು. ೨೦೦೩ರ ಮೇ ತಿಂಗಳಲ್ಲಿ ಈ ತಂಡವು ಆಂಟಿಗುವಾದಲ್ಲಿ ಆಸ್ಟ್ರೇಲಿಯದ ವಿರುದ್ಧ ನಾಲ್ಕನೆಯ ಇನ್ನಿಂಗ್ಸಿನಲ್ಲಿ ೪೧೮ ಓಟಗಳನ್ನು ಗಳಿಸಿ ಟೆಸ್ಟ್ ಪಂದ್ಯಗಳ ಇತಿಹಾಸದಲ್ಲಿ ಹೊಸ ದಾಖಲೆಯನ್ನು ಸ್ಥಾಪಿಸಿತು. ಅಂದು ಔಟಾಗದೆ ೪೭ ಓಟಗಳನ್ನು ಗಳಿಸಿ ಗೆಲುವಿನವರೆಗೂ ನಿಂತ ತರುಣನ ಹೆಸರು ಒಮಾರಿ ಬ್ಯಾಂಕ್ಸ್. ಆತನೇ ವೆಸ್ಟ್ ಇಂಡೀಸಿನ ಪರವಾಗಿ ಟೆಸ್ಟ್ ಆಡಿದ ಮೊದಲನೆಯ ಆಂಗ್ವಿಲ್ಲನಿವಾಸಿ. ನಾನು ಈ ದ್ವೀಪದ ಹೆಸರನ್ನು ಮೊದಲು ಕೇಳಿದ್ದು ಆ ಸಂದರ್ಭದ ವರದಿಯೊಂದರಲ್ಲಿ. ಅನಂತರ ರಾಜ್ಯಶಾಸ್ತ್ರದ ವಿದ್ಯಾರ್ಥಿಯಾಗಿ ಅದರ ಚರಿತ್ರೆಯನ್ನು ಓದಿದಾಗ ಕ್ರಿಕೆಟ್ಟಿಗಿಂತ ಸ್ವಾರಸ್ಯವಾದ ಸಂಗತಿಯೊಂದು ಕಣ್ಣಿಗೆ ಬಿತ್ತು. ಚಕ್ರಾಧಿಪತ್ಯದ ಹಿಡಿತದಿಂದ ಬಿಡಿಸಿಕೊಳ್ಳಲು ಜಗತ್ತೆಲ್ಲ ಹೋರಾಡುತ್ತಿದ್ದ ಕಾಲದಲ್ಲಿ ಈ ಪುಟ್ಟ ದ್ವೀಪದ ಜನ ಬ್ರಿಟನ್ನಿನ ಅಧೀನದಲ್ಲಿಯೇ ಉಳಿಯಬೇಕೆಂದು ದಂಗೆ ಎದ್ದರು! ಇದು ದಾಸ್ಯಬುದ್ಧಿಯೇ? ಅಥವಾ ಸ್ವಾತಂತ್ರ್ಯದ ಇನ್ನೊಂದು ರೂಪವೇ? ಈ ಪ್ರಶ್ನೆಗೆ ಉತ್ತರ ಸಿಕ್ಕಬೇಕಾದರೆ ಮೊದಲು ಆ ನೆಲವನ್ನೂ ಜನವನ್ನೂ ಅರಿತುಕೊಳ್ಳಬೇಕು.

ಆಂಗ್ವಿಲ್ಲ ಲೀವರ್ಡ್ ದ್ವೀಪಮಾಲೆಯ ಉತ್ತರದ ತುದಿಯಲ್ಲಿದೆ. ಅದರ ಅಕ್ಷಾಂಶ ೧೮ ಡಿಗ್ರಿಗಿಂತ ಸ್ವಲ್ಪ ಹೆಚ್ಚು. ಎಂದರೆ ನಮ್ಮ ಬೀದರ್ ಜಿಲ್ಲೆಯ ಔರಾದಿನ ನೇರಕ್ಕೆ ಪಶ್ಚಿಮಕ್ಕೆ ಹೋಗುತ್ತ ಹೋದರೆ ಹೆಚ್ಚುಕಡಿಮೆ ಅದನ್ನೇ ಮುಟ್ಟುತ್ತೇವೆ. ದ್ವೀಪದ ಉದ್ದ ಸುಮಾರು ೧೬ ಮೈಲಿ, ಅಗಲ ೩ ಮೈಲಿಗಿಂತ ಸ್ವಲ್ಪ ಹೆಚ್ಚು, ಒಟ್ಟು ವಿಸ್ತೀರ್ಣ ೩೫ ಚದರ ಮೈಲಿ. ನಮ್ಮ ಒಂದು ಸಾಧಾರಣ ತಾಲ್ಲೂಕಿನೊಳಗೆ ಇಂಥ ಹಲವು ದ್ವೀಪಗಳು ಹಿಡಿದಾವು. ನೀಳವಾಗಿ, ತೆಳ್ಳಗೆ ಮಲಗಿರುವ ಈ ನೆಲಕ್ಕೆ ಹಾವುಮೀನು ಎಂಬ ಅರ್ಥದ ಯೂರೋಪಿನ ಶಬ್ದವೇ ಹೆಸರಾಗಿ ನಿಂತಿದೆ. ಮುಖ್ಯ ಪಟ್ಟಣದ ಹೆಸರು ‘ದಿ ವ್ಯಾಲಿ’, ಅಂದರೆ ಕಣಿವೆ. ಪಟ್ಟಣವೆಂದು ಕರೆದರೂ ಅದು ನಮ್ಮ ಕಣ್ಣಿಗೆ ದೊಡ್ಡದೊಂದು ಹಳ್ಳಿಯಂತೆ ಕಂಡೀತು.

ಸುತ್ತಲಿನ ಅನೇಕ ದ್ವೀಪಗಳು ಅಗ್ನಿಪರ್ವತಗಳಿಂದ ಹುಟ್ಟಿದವು. ಸೇಂಟ್ ಕಿಟ್ಸ್, ನೀವಿಸ್ ಮೊದಲಾದವುಗಳಲ್ಲಿ ಎತ್ತರವಾದ ಬೆಟ್ಟಗಳಿವೆ, ಬೆಟ್ಟಗಳು ಮೋಡವನ್ನು ತಡೆಯುತ್ತವೆ, ಮಳೆ ಬೀಳುತ್ತದೆ, ಹಿಂದೆ ಕಬ್ಬು ಬೆಳೆಯುತ್ತಿತ್ತು. ಆಂಗ್ವಿಲ್ಲವಾದರೋ ಹವಳ ಮತ್ತು ಸುಣ್ಣದ ಕಲ್ಲಿನಿಂದಾದ ಚಪ್ಪಟೆ ನೆಲ. ಅತ್ಯಂತ ಎತ್ತರದ ದಿಬ್ಬವೂ ಇನ್ನೂರು ಅಡಿಯ ಆಚೀಚೆ. ಮಳೆ ಕಡಿಮೆ, ಬಿದ್ದ ಮಳೆಯೂ ಸುಣ್ಣದ ಕಲ್ಲಿನ ಬಿರುಕುಗಳಲ್ಲಿ ಇಳಿದು ಹೋಗುತ್ತದೆ. ಒಂದು ನದಿಯೂ ಇಲ್ಲ. ಮಾಳಿಗೆಯ ಮೇಲೆ ಬಿದ್ದ ನೀರನ್ನು ತೊಟ್ಟಿಗಳಲ್ಲಿ ಹಿಡಿದಿಡುವುದು ಅಲ್ಲಿನ ಜನರ ಹಳೆಯ ರೂಢಿ. ಮೇಲೆ ಚಂಡಮಾರುತಗಳ ಕಾಟ. ೧೯೬೦ರ ‘ಡೊನಾ’, ೧೯೯೫ರ ‘ಲೂಯಿಸ್’, ೨೦೧೭ರ ಸೆಪ್ಟೆಂಬರ್ ೬ರಂದು ಬೀಸಿದ ‘ಇರ್ಮಾ’ ಇವು ದ್ವೀಪದವರು ಮರೆಯದ ಹೆಸರುಗಳು.

ಈ ಬರಡುತನವೇ ಆಂಗ್ವಿಲ್ಲದ ಚರಿತ್ರೆಯ ಬೀಗದಕೈ ಎಂದು ನನ್ನ ಅಭಿಪ್ರಾಯ. ಮೂಲನಿವಾಸಿಗಳಾದ ಅಮೆರಿಂಡಿಯನ್ನರು ಗುಹೆಯ ಗೋಡೆಗಳಲ್ಲಿ ಕೊರೆದ ಚಿತ್ರಗಳು ಮಾತ್ರ ಇಂದು ಉಳಿದಿವೆ. ೧೬೫೦ರಲ್ಲಿ ಇಂಗ್ಲಿಷರು ಬಂದು ನೆಲೆಸಿದರು. ಆಫ್ರಿಕದಿಂದ ತಂದ ಗುಲಾಮರ ದುಡಿಮೆಯಿಂದ ಇಲ್ಲಿಯೂ ತೋಟಗಳು ಎದ್ದವು. ಆದರೆ ಬರಗಾಲಗಳ ಮುಂದೆ ತೋಟದ ಬೇಸಾಯ ನಿಲ್ಲಲಿಲ್ಲ. ೧೮೩೪ರಲ್ಲಿ ಗುಲಾಮಗಿರಿ ರದ್ದಾದ ಮೇಲೆ ಒಡೆಯರಲ್ಲಿ ಬಹುಮಂದಿ ದ್ವೀಪವನ್ನೇ ಬಿಟ್ಟು ಹೋದರು. ಒಂದು ಕಾಲದಲ್ಲಿ ಇಲ್ಲಿನ ಜನರನ್ನೆಲ್ಲ ದಕ್ಷಿಣ ಅಮೆರಿಕದ ಡೆಮೆರಾರಕ್ಕೆ ಸಾಗಿಸಿಬಿಡುವ ಆಲೋಚನೆಯೂ ಸರಕಾರಕ್ಕಿತ್ತು. ಜನ ಒಪ್ಪಲಿಲ್ಲ. ಒಡೆಯರು ಬಿಟ್ಟ ನೆಲವನ್ನು ಹಿಂದಿನ ಗುಲಾಮರ ಮಕ್ಕಳು ತುಂಡು ತುಂಡಾಗಿ ತಮ್ಮದನ್ನಾಗಿ ಮಾಡಿಕೊಂಡರು. ಪಕ್ಕದ ಸೇಂಟ್ ಕಿಟ್ಸಿನಲ್ಲಿ ಸಾಮಾನ್ಯ ಮನುಷ್ಯ ಕಬ್ಬಿನ ತೋಟದ ಕೂಲಿಯಾಗಿಯೇ ಉಳಿದ. ಆಂಗ್ವಿಲ್ಲದಲ್ಲಿ ಅವನು ಬಡವನಾದರೂ ತನ್ನ ತುಂಡು ನೆಲಕ್ಕೆ ತಾನೇ ಯಜಮಾನನಾದ. ಎರಡು ದ್ವೀಪಗಳ ಸ್ವಭಾವ ಬೇರೆಯಾದದ್ದು ಇಲ್ಲಿಂದಲೇ.

ಆ ನೆಲ ಹೊಟ್ಟೆ ತುಂಬಿಸುತ್ತಿರಲಿಲ್ಲವೆಂಬುದು ನಿಜ. ಆದುದರಿಂದ ಜನ ಸಮುದ್ರದ ಕಡೆ ತಿರುಗಿದರು. ಮೀನು ಹಿಡಿದರು, ಉಪ್ಪಿನ ಕೊಳಗಳಲ್ಲಿ ಉಪ್ಪು ತೆಗೆದರು, ಹಡಗು ಕಟ್ಟುವ ಕೆಲಸದಲ್ಲಿ ಹೆಸರಾದರು. ಗಂಡಸರು ತಾವೇ ಕಟ್ಟಿದ ಹಾಯಿಹಡಗುಗಳಲ್ಲಿ ಡೊಮಿನಿಕನ್ ಗಣರಾಜ್ಯದ ಕಬ್ಬಿನ ಗದ್ದೆಗಳಿಗೆ ದುಡಿಯಲು ಹೋಗುತ್ತಿದ್ದರು. ಕಟಾವು ಮುಗಿದು ಮರಳುವಾಗ ಯಾರು ಮೊದಲು ಊರು ಸೇರುವರೆಂದು ಹಡಗುಗಳ ನಡುವೆ ಪೈಪೋಟಿ ಹುಟ್ಟುತ್ತಿತ್ತು. ಇಂದು ದ್ವೀಪದ ರಾಷ್ಟ್ರೀಯ ಕ್ರೀಡೆ ಕ್ರಿಕೆಟ್ ಅಲ್ಲ, ಹಾಯಿದೋಣಿಯ ಪಂದ್ಯ. ಮುಂದೆ ಅರುಬ, ಕ್ಯುರಸಾವ್ ದ್ವೀಪಗಳ ಎಣ್ಣೆ ಕಾರ್ಖಾನೆಗಳಿಗೂ ಇಂಗ್ಲೆಂಡಿನ ಸ್ಲೌ ಪಟ್ಟಣಕ್ಕೂ ಅಲ್ಲಿನವರು ವಲಸೆ ಹೋದರು. ಅವರು ಕಳುಹಿಸಿದ ಹಣದಿಂದಲೇ ಎಷ್ಟೋ ಮನೆಗಳು ಬದುಕಿದವು. ೨೦೧೧ರ ಜನಗಣತಿಯಂತೆ ದ್ವೀಪದ ಜನಸಂಖ್ಯೆ ಸುಮಾರು ೧೩,೫೦೦. ಬಹುಪಾಲು ಜನ ಆಫ್ರಿಕದ ಮೂಲದವರು, ಮಾತು ಇಂಗ್ಲಿಷ್, ಧರ್ಮ ಕ್ರೈಸ್ತ.

ಇನ್ನು ಆಡಳಿತದ ಕತೆ. ಲಂಡನ್ನಿನ ಅಧಿಕಾರಿಗಳಿಗೆ ಇಷ್ಟು ಚಿಕ್ಕ ದ್ವೀಪಕ್ಕೆ ಬೇರೆ ಆಡಳಿತವೇಕೆ ಎಂದು ತೋರಿದ್ದು ಸಹಜ. ೧೮೨೫ರಲ್ಲಿ ಆಂಗ್ವಿಲ್ಲವನ್ನು ಸುಮಾರು ೭೦ ಮೈಲಿ ದೂರದ ಸೇಂಟ್ ಕಿಟ್ಸಿನ ಶಾಸನಸಭೆಗೆ ಗಂಟುಹಾಕಿದರು. ೧೮೭೦ರ ದಶಕದಲ್ಲಿಯೇ ಆಂಗ್ವಿಲ್ಲದವರು ತಮ್ಮನ್ನು ನೇರವಾಗಿ ಬ್ರಿಟನ್ನಿನ ಆಡಳಿತಕ್ಕೆ ತೆಗೆದುಕೊಳ್ಳಬೇಕೆಂದು ವಿಕ್ಟೋರಿಯ ರಾಣಿಗೆ ಮನವಿ ಬರೆದರು. ಫಲವಾಗಲಿಲ್ಲ. ೧೮೮೨ರಲ್ಲಿ ಗಂಟು ಇನ್ನಷ್ಟು ಬಿಗಿಯಾಯಿತು. ಹೀಗೆ ನೂರೈವತ್ತು ವರ್ಷಗಳ ಕಾಲ ಆಂಗ್ವಿಲ್ಲ ವಸಾಹತಿನ ಅಡಿಯ ವಸಾಹತಾಗಿ ಉಳಿಯಿತು. ೧೯೬೭ರಲ್ಲಿ ಅಲ್ಲಿ ಡಾಂಬರು ರಸ್ತೆ ಇರಲಿಲ್ಲ, ಸಾರ್ವಜನಿಕ ವಿದ್ಯುತ್ತಿರಲಿಲ್ಲ, ದೂರವಾಣಿಯೂ ಇರಲಿಲ್ಲ.

೧೯೫೮ರಲ್ಲಿ ರಚಿತವಾದ ವೆಸ್ಟ್ ಇಂಡೀಸ್ ಒಕ್ಕೂಟ ೧೯೬೨ರಲ್ಲಿ ಮುರಿದುಬಿತ್ತು. ಆಗ ಬ್ರಿಟನ್ ೧೯೬೭ರ ಫೆಬ್ರವರಿ ೨೭ರಂದು ಸೇಂಟ್ ಕಿಟ್ಸ್, ನೀವಿಸ್, ಆಂಗ್ವಿಲ್ಲಗಳನ್ನು ಒಂದು ‘ಸಹಯೋಗಿ ರಾಜ್ಯ’ವನ್ನಾಗಿ ಮಾಡಿತು. ರಕ್ಷಣೆ, ವಿದೇಶಾಂಗ ಎರಡನ್ನು ಬಿಟ್ಟು ಉಳಿದ ಅಧಿಕಾರವೆಲ್ಲ ಸೇಂಟ್ ಕಿಟ್ಸಿನ ರಾಜಧಾನಿಯಾದ ಬಾಸ್ಟೇರಿಗೆ ಬಂತು. ಚುನಾಯಿತ ಸ್ಥಾನಗಳು ಹತ್ತು: ಸೇಂಟ್ ಕಿಟ್ಸಿಗೆ ೭, ನೀವಿಸ್‌ಗೆ ೨, ಆಂಗ್ವಿಲ್ಲಕ್ಕೆ ೧! ಪ್ರಧಾನರಾದ ರಾಬರ್ಟ್ ಬ್ರಾಡ್‌ಷಾ ಕಬ್ಬಿನ ಕೂಲಿಕಾರರ ಸಂಘದಿಂದ ಮೇಲೆ ಬಂದ ದೊಡ್ಡ ನಾಯಕರು. ಸೇಂಟ್ ಕಿಟ್ಸಿನ ಬಡವರಿಗೆ ಅವರು ಆಪ್ತರು. ಆದರೆ ಆಂಗ್ವಿಲ್ಲದವರ ಕಣ್ಣಿಗೆ ಬಂದದ್ದು ಸ್ವರಾಜ್ಯವಲ್ಲ, ಒಡೆಯರ ಬದಲಾವಣೆ. ಅದೂ ದೂರದ ಒಡೆಯನ ಬದಲಿಗೆ ಹತ್ತಿರದ ಒಡೆಯ.

೧೯೬೭ರ ಮೇ ೩೦ರಂದು ಅವರು ಸೇಂಟ್ ಕಿಟ್ಸಿನ ಪೊಲೀಸರನ್ನು ದ್ವೀಪದಿಂದ ಹೊರಗಟ್ಟಿದರು. ಜೂನ್ ೧೦ರಂದು ಕೆಲವರು ದೋಣಿಯಲ್ಲಿ ಹೋಗಿ ಸೇಂಟ್ ಕಿಟ್ಸಿನ ಮೇಲೆಯೇ ದಾಳಿಮಾಡಿ ಸೋತರು. ಜುಲೈ ೧೧ರಂದು ನಡೆದ ಜನಮತಗಣನೆಯಲ್ಲಿ ಬೇರೆಯಾಗಬೇಕೆಂದು ೧,೮೧೩ ಮತಗಳೂ ಬೇಡವೆಂದು ೫ ಮತಗಳೂ ಬಿದ್ದವು. ದೊಡ್ಡ ರಾಷ್ಟ್ರಗಳಿಗಿಂತ ಸಣ್ಣ ರಾಜ್ಯಗಳೇ ಮೇಲು ಎಂದು ಪ್ರತಿಪಾದಿಸುತ್ತಿದ್ದ ಲಿಯೋಪೋಲ್ಡ್ ಕೋರ್ ಎಂಬ ಅರ್ಥಶಾಸ್ತ್ರಜ್ಞರು ಅವರಿಗೆ ಸಲಹೆಗಾರರಾಗಿ ಒದಗಿದರು. ಸಂಧಾನಗಳು ನಡೆದವು, ಮುರಿದವು. ೧೯೬೯ರ ಫೆಬ್ರವರಿ ೬ರ ಎರಡನೆಯ ಮತಗಣನೆಯಲ್ಲಿ ೧,೭೩೯ಕ್ಕೆ ೪ರಂತೆ ಮತ ಬಂದು ರೊನಾಲ್ಡ್ ವೆಬ್‌ಸ್ಟರ್ ಅವರ ನಾಯಕತ್ವದಲ್ಲಿ ಗಣರಾಜ್ಯವೇ ಘೋಷಿತವಾಯಿತು. ಮಾರ್ಚಿಯಲ್ಲಿ ಮಾತುಕತೆಗೆಂದು ಬಂದ ಬ್ರಿಟನ್ನಿನ ಉಪಮಂತ್ರಿ ವಿಲಿಯಂ ವಿಟ್‌ಲಾಕ್ ಅವರನ್ನು ಜನ ಅಂದೇ ಹಿಂದಕ್ಕೆ ಕಳುಹಿಸಿದರು.

ಮುಂದೆ ನಡೆದದ್ದು ನಗಬೇಕೋ ಮರುಗಬೇಕೋ ತಿಳಿಯದಂಥದು. ಮಾರ್ಚ್ ೧೯ರ ಬೆಳಗಿನ ಜಾವ ಎರಡು ಯುದ್ಧನೌಕೆಗಳಿಂದ ಮುನ್ನೂರಕ್ಕೂ ಹೆಚ್ಚು ಬ್ರಿಟಿಷ್ ಸೈನಿಕರೂ ಲಂಡನ್ನಿನ ಪೊಲೀಸರೂ ದ್ವೀಪದಲ್ಲಿ ಇಳಿದರು. ಕತ್ತಲಲ್ಲಿ ಮಿಂಚಿದ ಬೆಳಕು ಕೋವಿಯದಲ್ಲ, ಪತ್ರಿಕೆಯವರ ಕ್ಯಾಮರಾಗಳದು! ಒಂದು ಜೀವವೂ ಹೋಗಲಿಲ್ಲ. ಜಗತ್ತಿನ ಪತ್ರಿಕೆಗಳು ಬ್ರಿಟನ್ನನ್ನು ಗೇಲಿಮಾಡಿದವು. ಆದರೆ ಪರಿಣಾಮವೇನು? ಬಂಡಾಯಗಾರರು ಯಾವುದನ್ನು ಕೇಳಿದ್ದರೋ ಅದೇ ದೊರಕಿತು. ಬ್ರಿಟಿಷ್ ಅಧಿಕಾರಿ ಬಂದು ಕುಳಿತರು; ಸೈನ್ಯದ ಇಂಜಿನಿಯರುಗಳು ರಸ್ತೆ, ಶಾಲೆಗಳನ್ನು ಕಟ್ಟಿದರು. ೧೯೭೧ರಲ್ಲಿ ಪಾರ್ಲಿಮೆಂಟಿನ ಶಾಸನ, ೧೯೭೬ರಲ್ಲಿ ಪ್ರತ್ಯೇಕ ಸಂವಿಧಾನ, ಕೊನೆಗೆ ೧೯೮೦ರ ಡಿಸೆಂಬರ್ ೧೯ರಂದು ಸೇಂಟ್ ಕಿಟ್ಸಿನಿಂದ ವಿಧ್ಯುಕ್ತ ಬಿಡುಗಡೆ. ಸೇಂಟ್ ಕಿಟ್ಸ್ ಮತ್ತು ನೀವಿಸ್ ೧೯೮೩ರಲ್ಲಿ ಸ್ವತಂತ್ರವಾದವು. ಬ್ರಾಡ್‌ಷಾರವರ ಭಯವೂ ಆಧಾರವಿಲ್ಲದ್ದಲ್ಲ: ೧೯೯೮ರಲ್ಲಿ ನೀವಿಸ್ ಕೂಡ ಬೇರೆಯಾಗಲು ಮತಗಣನೆ ನಡೆಸಿತು. ಶೇಕಡ ೬೨ರಷ್ಟು ಮಂದಿ ಒಪ್ಪಿದರೂ ಬೇಕಾದ ಮೂರರಲ್ಲಿ ಎರಡು ಪಾಲು ದೊರೆಯದೆ ಅದು ಉಳಿದುಕೊಂಡಿತು.

ಈಗಿನ ವ್ಯವಸ್ಥೆ ಹೀಗಿದೆ. ಬ್ರಿಟನ್ನಿನ ದೊರೆ ನೇಮಿಸುವ ಗವರ್ನರ್ ರಕ್ಷಣೆ, ವಿದೇಶ ವ್ಯವಹಾರ, ಪೊಲೀಸ್, ಸರಕಾರಿ ನೌಕರಿಗಳನ್ನು ನೋಡಿಕೊಳ್ಳುತ್ತಾರೆ. ಉಳಿದ ವಿಷಯಗಳು ಪ್ರೀಮಿಯರ್ ಮತ್ತು ಮಂತ್ರಿಗಳ ಕೈಯಲ್ಲಿವೆ. ಶಾಸನಸಭೆಯಲ್ಲಿ ೧೧ ಮಂದಿ ಚುನಾಯಿತರು: ೭ ಮಂದಿ ಕ್ಷೇತ್ರಗಳಿಂದ, ೪ ಮಂದಿ ಇಡೀ ದ್ವೀಪದ ಮತದಿಂದ. ಡೆಪ್ಯುಟಿ ಗವರ್ನರ್ ಮತ್ತು ಅಟಾರ್ನಿ ಜನರಲ್ ಪದನಿಮಿತ್ತ ಸದಸ್ಯರು. ೨೦೨೫ರ ಚುನಾವಣೆಯ ನಂತರ ಕೋರಾ ರಿಚರ್ಡ್‌ಸನ್ ಹಾಜ್ ಮೊದಲನೆಯ ಮಹಿಳಾ ಪ್ರೀಮಿಯರ್ ಆದರು. ನ್ಯಾಯದ ಕೊನೆಯ ಮೆಟ್ಟಿಲು ಲಂಡನ್ನಿನ ಪ್ರಿವಿ ಕೌನ್ಸಿಲ್. ೧೯೪೯ರವರೆಗೆ ನಮ್ಮ ದೇಶದ ಮೇಲ್ಮನವಿಗಳೂ ಅಲ್ಲಿಗೇ ಹೋಗುತ್ತಿದ್ದವೆಂಬುದನ್ನು ವಾಚಕರು ಬಲ್ಲರು. ನಾಣ್ಯ ಮಾತ್ರ ಪೌಂಡ್ ಅಲ್ಲ, ನೆರೆಯ ದ್ವೀಪಗಳೊಡನೆ ಹಂಚಿಕೊಂಡ ಪೂರ್ವ ಕೆರಿಬಿಯನ್ ಡಾಲರ್.

ಈ ಆಯ್ಕೆಗೆ ಬೆಲೆ ತೆರದೆ ಇಲ್ಲ. ಬ್ರಿಟನ್ನಿನ ಪಾರ್ಲಿಮೆಂಟಿನಲ್ಲಿ ಆಂಗ್ವಿಲ್ಲಕ್ಕೆ ಒಂದು ಸ್ಥಾನವೂ ಇಲ್ಲ. ಆದರೂ ಲಂಡನ್ ಬಯಸಿದರೆ ದ್ವೀಪಕ್ಕೆ ಕಾನೂನು ಮಾಡಬಹುದು. ೧೯೯೧ರಲ್ಲಿ ಕೊಲೆಗೆ ಮರಣದಂಡನೆಯನ್ನು ರದ್ದುಮಾಡಿದ್ದು ಸ್ಥಳೀಯ ಸಭೆಯಲ್ಲ, ಲಂಡನ್ನಿನ ಆಜ್ಞೆ. ಆಜ್ಞೆ ಒಳ್ಳೆಯದೇ ಇರಬಹುದು. ಅದನ್ನು ಮಾಡಿದವರು ಯಾರೆಂಬುದೇ ಪ್ರಶ್ನೆ. ಬ್ರಿಟನ್ ೨೦೨೦ರಲ್ಲಿ ಯೂರೋಪಿನ ಒಕ್ಕೂಟವನ್ನು ಬಿಟ್ಟಾಗಲೂ ಆಂಗ್ವಿಲ್ಲದವರಿಗೆ ಮತವಿರಲಿಲ್ಲ. ಆದರೆ ಅವರು ದಿನಬಳಕೆಯ ಎಷ್ಟೋ ವಸ್ತುಗಳಿಗೆ ಕೂಗಳತೆಯಲ್ಲಿರುವ ಸೇಂಟ್ ಮಾರ್ಟಿನ್ ದ್ವೀಪವನ್ನು ನೆಚ್ಚಿದವರು, ಅದರ ಅರ್ಧಭಾಗ ಫ್ರಾನ್ಸಿನದು.

ಜೀವನೋಪಾಯವೂ ಬದಲಾಗಿದೆ. ಉಪ್ಪಿನ ವ್ಯಾಪಾರ ನಿಂತಿತು; ೧೯೮೦ರ ನಂತರ ಬಿಳಿ ಮರಳಿನ ತೀರಗಳಿಗೆ ಬರುವ ಧನಿಕ ಪ್ರವಾಸಿಗಳೇ ಮುಖ್ಯ ಆಧಾರವಾದರು. ಇತ್ತೀಚೆಗೆ ಇನ್ನೊಂದು ವಿಚಿತ್ರವಾದ ಅದೃಷ್ಟ ಒಲಿದಿದೆ. ಅಂತರಜಾಲದಲ್ಲಿ ಆಂಗ್ವಿಲ್ಲಕ್ಕೆ ಹಂಚಿಕೆಯಾದ ಗುರುತು ‘ಎ.ಐ.’ ಎಂಬ ಎರಡಕ್ಷರ. ಕೃತಕ ಬುದ್ಧಿಮತ್ತೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳೂ ಅವೇ ಆದುದರಿಂದ ಜಗತ್ತಿನ ಕಂಪನಿಗಳು ಆ ವಿಳಾಸಕ್ಕಾಗಿ ಮುಗಿಬಿದ್ದಿವೆ. ೨೦೨೩ರಲ್ಲಿ ಇದರಿಂದ ಬಂದ ಹಣ ಸುಮಾರು ೩ ಕೋಟಿ ೨೦ ಲಕ್ಷ ಅಮೆರಿಕನ್ ಡಾಲರು, ಸರಕಾರದ ಆದಾಯದ ಐದನೆಯ ಒಂದು ಪಾಲಿನಷ್ಟು!

ಮೊದಲಿನ ಪ್ರಶ್ನೆಗೆ ಬರೋಣ. ೧೯೬೦ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆ ವಸಾಹತುಶಾಹಿಯನ್ನು ಕೊನೆಗಾಣಿಸಬೇಕೆಂಬ ಘೋಷಣೆಯನ್ನು ಅಂಗೀಕರಿಸಿದಾಗ ಭಾರತವೂ ಅದರ ಪರವಾಗಿತ್ತು. ಸ್ವಾತಂತ್ರ್ಯ, ಮತ್ತೊಂದು ರಾಷ್ಟ್ರದೊಡನೆ ಸಹಯೋಗ, ವಿಲೀನ ಎಂಬ ಮೂರು ದಾರಿಗಳನ್ನು ಸಂಸ್ಥೆ ತೋರಿಸಿತು. ಆಂಗ್ವಿಲ್ಲ ಈ ಮೂರರಲ್ಲಿ ಯಾವುದನ್ನೂ ಹಿಡಿಯದೆ ‘ಸ್ವಯಮಾಡಳಿತವಿಲ್ಲದ ಪ್ರದೇಶ’ಗಳ ಪಟ್ಟಿಯಲ್ಲಿ ಇಂದಿಗೂ ಇದೆ. ಪುಸ್ತಕದ ಲೆಕ್ಕದಲ್ಲಿ ಇದು ಕೊರತೆ. ಆದರೆ ಸ್ವರಾಜ್ಯವೆಂಬ ಶಬ್ದದಲ್ಲಿ ‘ರಾಜ್ಯ’ಕ್ಕಿಂತ ಮೊದಲು ‘ಸ್ವ’ ಇದೆ. ಆ ‘ಸ್ವ’ ಯಾರೆಂಬುದನ್ನು ದೂರದ ಕಚೇರಿಯೊಂದು ಗೆರೆ ಎಳೆದು ನಿರ್ಧರಿಸಲಾಗದು ಎಂಬುದೇ ಆ ಆರು ಸಾವಿರ ಜನ ಜಗತ್ತಿಗೆ ಹೇಳಿದ ಮಾತು. ಅವರು ಬ್ರಿಟನ್ನನ್ನು ಆರಿಸಿಕೊಂಡದ್ದು ಭಕ್ತಿಯಿಂದಲ್ಲ. ದೂರದ ಒಡೆಯನ ಕೆಳಗೆ ತಮ್ಮ ಮನೆಯನ್ನು ತಾವು ನೋಡಿಕೊಳ್ಳುವುದು ಸುಲಭವೆಂಬ ಲೆಕ್ಕಾಚಾರದಿಂದ. ಆ ಲೆಕ್ಕ ಎಂದೆಂದಿಗೂ ಸರಿಯಾಗಿರಬೇಕೆಂದಿಲ್ಲ. ಅದನ್ನು ತಿದ್ದುವ ಹಕ್ಕೂ ಅವರದೇ.

ಆಂಗ್ವಿಲ್ಲದ ಇಂದಿನ ಧ್ವಜದ ಮೂಲೆಯಲ್ಲಿ ಬ್ರಿಟನ್ನಿನ ಬಾವುಟವಿದೆ. ಅದರ ಪಕ್ಕದ ಗುರಾಣಿಯಲ್ಲಿ ವೃತ್ತಾಕಾರವಾಗಿ ಈಜುವ ಮೂರು ಕಿತ್ತಳೆ ಬಣ್ಣದ ಡಾಲ್ಫಿನ್ನುಗಳಿವೆ. ಅವು ದಂಗೆಯ ಕಾಲದ ಧ್ವಜದಿಂದ ಬಂದವು. ಪ್ರತಿ ವರ್ಷ ಮೇ ೩೦ರಂದು ಆಂಗ್ವಿಲ್ಲದವರು ನಾಡಹಬ್ಬವಾಗಿ ಆಚರಿಸುವುದು ಆ ದಂಗೆಯ ದಿನವನ್ನೇ.