ಉಳಿ ಗುಡಿಗಾರನದು, ಮರ ಯಾರದು?

ಕೆಜಿಎಫ್‌ನಲ್ಲಿ ಬೆಳೆದ ನಮಗೆ ಒಂದು ವಿಷಯ ಯಾರೂ ಹೇಳಿಕೊಡಬೇಕಿಲ್ಲ. ಕಾಲ ಕೆಳಗೇ ಚಿನ್ನ ಇದ್ರೂ ಅದು ನಮ್ಮದಲ್ಲ. ಮೊದಲು ಬ್ರಿಟಿಷ್ ಕಂಪನಿಯದು, ಆಮೇಲೆ ಸರ್ಕಾರದ್ದು. 2001ರಲ್ಲಿ ಗಣಿ ಮುಚ್ಚಿತು. ಕಲ್ಲು ಒಡೆಯೋದು ಗೊತ್ತಿದ್ದವರ ಮಕ್ಕಳು ಇವತ್ತಿಗೂ ಬಂಗಾರಪೇಟೆ ದಾಟಿ ಬೆಂಗಳೂರಿಗೆ ದುಡಿಯೋಕೆ ಹೋಗ್ತಾರೆ.

ಸಾಗರ, ಸೊರಬದ ಗುಡಿಗಾರರ ಶ್ರೀಗಂಧದ ಕೆತ್ತನೆಯ ಕಥೆಯೂ ಹೆಚ್ಚುಕಮ್ಮಿ ಇದೇ. ಟಿಪ್ಪು 1792ರಲ್ಲಿ ಶ್ರೀಗಂಧವನ್ನು ರಾಜವೃಕ್ಷ ಅಂತ ಘೋಷಿಸಿದ. ರಾಜರು ಹೋದರೂ ನಿಯಮ ಹೋಗಲಿಲ್ಲ. ನಿಮ್ಮ ಹೊಲದಲ್ಲೇ ಬೆಳೆದ ಮರವೂ ಸರ್ಕಾರದ್ದೇ ಆಗಿತ್ತು. 2001ರ ತಿದ್ದುಪಡಿ ಜಮೀನಿನ ಮಾಲೀಕನಿಗೆ ಮರದ ಹಕ್ಕು ಕೊಟ್ಟಿತು. ಆದರೆ ಕಡಿಯೋಕೆ, ಸಾಗಿಸೋಕೆ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ಅದಿರಲಿ, ಹಕ್ಕು ಸಿಕ್ಕಿದ್ದು ಜಮೀನು ಇದ್ದವನಿಗೆ. ಉಳಿ ಮಾತ್ರ ಇದ್ದವನಿಗೆ ಸಿಕ್ಕಿದ್ದೇನು?

ಗಂಧದ ತಿರುಳು ಬಲಿಯೋಕೆ ದಶಕಗಳು ಬೇಕು. ಬಲಿತ ಮರಕ್ಕೆ ಎಣ್ಣೆ, ಸೋಪು, ಸುಗಂಧದ ಉದ್ಯಮವೂ ಕಾದಿರುತ್ತೆ. ಆ ಬೆಲೆಗೆ ಗುಡಿಗಾರ ಪೈಪೋಟಿ ಕೊಡೋಕಾಗಲ್ಲ. ಹಾಗಾಗಿ ಶಿವನಿಯಂಥ ಬೇರೆ ಮರಕ್ಕೆ ಹೋದವರಿದ್ದಾರೆ, ಕಸುಬನ್ನೇ ಬಿಟ್ಟವರೂ ಇದ್ದಾರೆ. ಜಿಐ ಟ್ಯಾಗ್ ಕೊಟ್ಟರೆ ಎಲ್ಲ ಸರಿಹೋಗುತ್ತೆ ಅನ್ನೋರಿಗೆ ಒಂದು ಮಾತು: ಆ ಟ್ಯಾಗ್ ಹೆಸರನ್ನು ಕಾಯುತ್ತೆ, ಮರ ತಂದುಕೊಡಲ್ಲ. ನಾನು ಓದಿದ್ದು ಇಂಜಿನಿಯರಿಂಗ್. ಕಚ್ಚಾ ಮಾಲಿಲ್ಲದೆ ಟ್ರೈನಿಂಗ್ ಮಾತ್ರ ಕೊಡೋ ಫ್ಯಾಕ್ಟರಿಯನ್ನು ನಾನಂತೂ ನೋಡಿಲ್ಲ.

ಹಕ್ಕು ಸಡಿಲಿಸಿದರೆ ಕಳ್ಳಸಾಗಣೆಯಲ್ಲಿ ಕಾಡೇ ಖಾಲಿ ಆಗಲ್ವಾ? ಈ ಭಯ ಸುಳ್ಳಲ್ಲ. ಆದರೆ ಬೇರೆ ದಾರಿಯೂ ಇದೆ. ಕೆನಡಾದ ಪೆಸಿಫಿಕ್ ಕರಾವಳಿಯಲ್ಲಿ ಹೈಡಾ ಅನ್ನೋ ಮೂಲನಿವಾಸಿ ಸಮುದಾಯವಿದೆ. ದೇವದಾರಿನಂಥ ದೈತ್ಯ ಸೀಡರ್ ಮರದಲ್ಲಿ ತಮ್ಮ ಕುಲದ ಕಥೆಗಳನ್ನು ಕಂಬವಾಗಿ ಕೆತ್ತುವವರು. ಕಂಪನಿಗಳು ಆ ಕಾಡನ್ನು ಬೋಳು ಮಾಡ್ತಿದ್ದಾಗ, 1985ರಲ್ಲಿ ಹೈಡಾ ಜನ ಲೈಯಲ್ ದ್ವೀಪದ ರಸ್ತೆಗೆ ಅಡ್ಡ ನಿಂತು ಅರೆಸ್ಟ್ ಆದರು. 1993ರಲ್ಲಿ ಒಪ್ಪಂದವಾಯಿತು. ಗ್ವಾಯಿ ಹಾನಸ್ ಕಾಡಿನ ಉಸ್ತುವಾರಿ ಈಗ ಸರ್ಕಾರ ಮತ್ತು ಹೈಡಾ ಇಬ್ಬರದೂ. ಕಂಪನಿಗಳ ಕಡಿತ ನಿಂತಿದೆ. ಆಚರಣೆಗೆ, ಕಲೆಗೆ ಬೇಕಾದ ಆಯ್ದ ಮರಗಳನ್ನು ಕಡಿಯೋ ಹಕ್ಕು ಹೈಡಾ ಜನರಿಗಿದೆ. 2013ರಲ್ಲಿ ಅಲ್ಲಿ ನಿಲ್ಲಿಸಿದ ಕಂಬದಲ್ಲಿ, ಅಂದು ಕೈಗೆ ಕೈ ಕೋಸಿ ನಿಂತವರೂ ಕೆತ್ತನೆಯಾಗಿದ್ದಾರೆ.

ಅಲ್ಲಿ ಮರ ಬಳಸೋರೇ ಮರ ಕಾಯೋರು. ನಮ್ಮಲ್ಲಿ ಕಾಯೋದು ಇಲಾಖೆ, ಕೊಳ್ಳೋದು ಉದ್ಯಮ, ಗುಡಿಗಾರನಿಗೆ ಸನ್ಮಾನದ ಶಾಲು. ಮುಂದಿನ ಸಲ ಯಾರಾದರೂ ಮಂತ್ರಿ ‘ಕಲೆ ಉಳಿಸ್ತೀವಿ’ ಅಂದರೆ ಒಂದೇ ಪ್ರಶ್ನೆ ಕೇಳಿ: ವರ್ಷಕ್ಕೆ ಎಷ್ಟು ಕೆಜಿ ಗಂಧ, ಯಾವ ರೇಟಿಗೆ, ಯಾರ ಕೈಗೆ?