ಆರ್ಯಭಟನ ಹೆಸರಿನ ಬ್ಯಾಕ್ಟೀರಿಯ

ನಮ್ಮ ಜಾಲಹಳ್ಳಿಗೆ ಸಮೀಪದ ಪೀಣ್ಯದ ಕೈಗಾರಿಕಾ ಷೆಡ್ಡುಗಳಲ್ಲಿ, ಯು. ಆರ್. ರಾವ್ ಅವರ ನೇತೃತ್ವದಲ್ಲಿ ಭಾರತದ ಮೊದಲ ಉಪಗ್ರಹ ಸಿದ್ಧವಾಯಿತು. 1975ರ ಏಪ್ರಿಲ್ 19ರಂದು ಅದು ಆಕಾಶಕ್ಕೇರಿತು. ಆ ಉಪಗ್ರಹಕ್ಕಿಟ್ಟ ಆರ್ಯಭಟನ ಹೆಸರೇ ಮುಂದೆ ಕಣ್ಣಿಗೆ ಕಾಣದ ಒಂದು ಜೀವಿಗೂ ಸಂದಿತು. ಆ ಎರಡನೆಯ ಹೆಸರು ನಿಲ್ಲುವುದೋ ಇಲ್ಲವೋ ಎಂಬುದು ಈಗ ವಾದದ ವಿಷಯವಾಗಿದೆ.

2005ರಲ್ಲಿ ಇಸ್ರೋ ಸಂಸ್ಥೆಯ ಪ್ರಯೋಗಕ್ಕಾಗಿ ಹೈದರಾಬಾದಿನಿಂದ ಭಾರಿ ಬೆಲೂನೊಂದನ್ನು ಹಾರಿಸಿದರು. ಅದರಲ್ಲಿ ಗಾಳಿಯನ್ನೆಲ್ಲ ತೆಗೆದು ಶುದ್ಧೀಕರಿಸಿದ 16 ಉಕ್ಕಿನ ಕೊಳವೆಗಳಿದ್ದವು. ಸುತ್ತಲೂ ದ್ರವರೂಪದ ನಿಯಾನ್. ಅದರ ಶೈತ್ಯ ಸೊನ್ನೆಗಿಂತ ಸುಮಾರು 246 ಡಿಗ್ರಿ ಕೆಳಗೆ. ಒಳಹೊಕ್ಕ ಗಾಳಿ ಅಲ್ಲಿಯೇ ಹೆಪ್ಪುಗಟ್ಟಿ, ಹಿಂದಿನಿಂದ ಮತ್ತಷ್ಟು ಗಾಳಿಯನ್ನು ಸೆಳೆಯುತ್ತಿತ್ತು. 20ರಿಂದ 41 ಕಿಲೋಮೀಟರ್ ಎತ್ತರದ ಗಾಳಿಯನ್ನು ಹೀಗೆ ಸೆರೆಹಿಡಿದು ತಂದು ಹೈದರಾಬಾದು ಮತ್ತು ಪುಣೆಯ ಪ್ರಯೋಗಶಾಲೆಗಳಲ್ಲಿ ಪರೀಕ್ಷಿಸಿದಾಗ 12 ಬ್ಯಾಕ್ಟೀರಿಯ ಸಮೂಹಗಳೂ 6 ಶಿಲೀಂಧ್ರ ಸಮೂಹಗಳೂ ಬೆಳೆದುಬಂದವು. ಮೂರು ಬ್ಯಾಕ್ಟೀರಿಯಗಳು ಹೊಸ ಪ್ರಭೇದಗಳೆಂದು 2009ರಲ್ಲಿ ಪ್ರಕಟವಾಯಿತು. ಖಗೋಳ ವಿಜ್ಞಾನಿ ಫ್ರೆಡ್ ಹಾಯ್ಲ್, ಇಸ್ರೋ, ಆರ್ಯಭಟ, ಈ ಮೂವರ ಹೆಸರು ಅವಕ್ಕೆ ದೊರೆಯಿತು. ಮೂರನೆಯದು ಬ್ಯಾಸಿಲಸ್ ಆರ್ಯಭಟ್ಟೈ. ಟಕಾರದ ಒತ್ತನ್ನು ಗಮನಿಸಬೇಕು: ಯೋಧನಾದ ಭಟ ಪಂಡಿತನಾದ ಭಟ್ಟನಾಗಿದ್ದಾನೆ!

ಹೊಸತೆಂದು ತಿಳಿಯುವುದು ಹೇಗೆ? ಆಗ ಮುಖ್ಯವಾಗಿ ಓದಿದ್ದು ಸುಮಾರು 1,500 ಅಕ್ಷರಗಳ ಒಂದೇ ಜೀನನ್ನು. ಜೊತೆಗೆ ಬೇರೆ ಕೆಲವು ಪರೀಕ್ಷೆಗಳೂ ನಡೆದವು. ಆದರೆ ಇಂಥ ಜೀವಿಯ ಸಮಗ್ರ ಜೀನೋಮಿನಲ್ಲಿ ಸುಮಾರು 50 ಲಕ್ಷ ಅಕ್ಷರಗಳಿರುತ್ತವೆ. ತಾಳೆಗರಿಯ ಕಟ್ಟೊಂದು ಹೊಸ ಕೃತಿಯೋ, ತಿಳಿದ ಕೃತಿಯ ಇನ್ನೊಂದು ಪ್ರತಿಯೋ ಎಂಬುದನ್ನು ಪೀಠಿಕಾಸಂಧಿಯೊಂದರಿಂದ ನಿರ್ಣಯಿಸಹೊರಟ ಹಾಗೆ. ಎಲ್ಲ ಗರಿಗಳನ್ನೂ ಓದಿ ಪಾಠಗಳನ್ನು ತಾಳೆ ನೋಡುವ ಕೆಲಸ ಜೀನೋಮ್ ವಾಚನದಿಂದ ಸಾಧ್ಯವಾಯಿತು. ಎರಡು ಜೀನೋಮುಗಳು ನೂರಕ್ಕೆ 95-96ಕ್ಕಿಂತ ಹೆಚ್ಚು ಹೊಂದಿದರೆ ಅವು ಒಂದೇ ಪ್ರಭೇದವೆಂಬುದು ರೂಢಿ.

ಈ ಒರೆಗಲ್ಲಿಗೆ ಉಜ್ಜಿದ ಕೆಲವು ವಿಜ್ಞಾನಿಗಳು, ಆರ್ಯಭಟ್ಟೈ ಎಂಬುದು 1884ರಲ್ಲಿ ಜರ್ಮನಿಯ ಡೆ ಬಾರಿ ಹೆಸರಿಸಿದ ಬ್ಯಾಸಿಲಸ್ ಮೆಗಟೀರಿಯಮ್ಮೇ ಎಂದು 2019ರಲ್ಲಿ ವಾದಿಸಿದರು. ಹಾಗಿದ್ದರೆ ಹಳೆಯ ಹೆಸರೇ ಮಾನ್ಯ. 2020ರಲ್ಲಿ ಇವೆರಡನ್ನೂ ಪ್ರೀಸ್ಟಿಯ ಎಂಬ ಹೊಸ ಕುಲಕ್ಕೆ ಸೇರಿಸಿದ್ದಾಯಿತು. ಮೆಗಟೀರಿಯಮ್ ಮಣ್ಣಿನಲ್ಲಿ ಧಾರಾಳವಾಗಿ ಸಿಗುವ ಜೀವಿ. ಆಕಾಶದಿಂದ ಬಂದ ಅತಿಥಿ ಎಂಬ ಕಲ್ಪನೆಗೆ ಇದು ಬಲ ಕೊಡುವುದಿಲ್ಲವೆಂದು ನನಗೆ ತೋರುತ್ತದೆ. ಭೂಮ್ಯತೀತ ಮೂಲ ನಿಶ್ಚಿತವಾಗಿ ಸಿದ್ಧವಾಗಿಲ್ಲವೆಂದು ಇಸ್ರೋ ಕೂಡ 2009ರಲ್ಲಿಯೇ ಹೇಳಿತ್ತು.

ಇಸ್ರೋ ಹೆಸರಿನದೂ ಕುಲ ಬದಲಿಸಿ ಸೋಲಿಬ್ಯಾಸಿಲಸ್ ಆಯಿತು. ಜೀವ ಅಂತರಿಕ್ಷದಿಂದ ಬಂದಿತೆಂದು ನಂಬಿದ್ದ ಹಾಯ್ಲ್ ಅವರ ಹೆಸರಿನ ಜಾನಿಬ್ಯಾಕ್ಟರ್ ಹಾಯ್ಲಿ ಮಾತ್ರ ಇಟ್ಟ ಹೆಸರಿನಲ್ಲಿಯೇ ಉಳಿದಿದೆ.