ಪೆರೂಜದ ಬೇಸಿಗೆಯ ಪಾಠಗಳು

ಜೂನ್ ತಿಂಗಳು ಮುಗಿಯುತ್ತ ಬಂದಿತೆಂದರೆ ಯೂರೋಪಿನ ವಿಶ್ವವಿದ್ಯಾನಿಲಯಗಳು ಬಾಗಿಲು ಮುಚ್ಚುವುವು. ಉಪಾಧ್ಯಾಯರು ಕಡಲ ತೀರವನ್ನು ಅರಸಿ ಹೋಗುವರು. ವಿದ್ಯಾರ್ಥಿಗಳು ತಂತಮ್ಮ ಊರುಗಳಿಗೆ ತೆರಳುವರು. ಇಟಲಿಯ ನಡುನಾಡಾದ ಉಂಬ್ರಿಯ ಪ್ರಾಂತದಲ್ಲಿ, ಬೆಟ್ಟದ ನೆತ್ತಿಯ ಮೇಲೆ ಕುಳಿತಿರುವ ಪೆರೂಜ ಪಟ್ಟಣದಲ್ಲಿ ಮಾತ್ರ ಆಗಲೂ ಪಾಠಗಳು ನಿಲ್ಲುವುದಿಲ್ಲ. ನಾನಾ ದೇಶಗಳ ತರುಣ ತರುಣಿಯರೂ, ಅವರ ನಡುನಡುವೆ ತಲೆ ನರೆತವರೂ, ಆ ಊರಿನ ಕಡಿದಾದ ಬೀದಿಗಳನ್ನು ಹತ್ತಿ ಬರುವರು. ಇಟಲಿಯ ಚಿತ್ರಶಿಲ್ಪಗಳನ್ನೂ ಸಾಹಿತ್ಯವನ್ನೂ ಇಟಲಿಯ ನುಡಿಯಲ್ಲಿಯೇ ಅರಿಯಬೇಕೆಂಬುದು ಅವರ ಅಪೇಕ್ಷೆ. ಹಾಗೆ ಅರುಹಬೇಕೆಂಬುದೇ, ಪರದೇಶೀಯರಿಗಾಗಿಯೇ ಅಲ್ಲಿ ಸ್ಥಾಪಿತವಾಗಿರುವ ವಿಶ್ವವಿದ್ಯಾನಿಲಯದ ವ್ರತ.

ಪರದೇಶದ ಬೇಸಿಗೆಯ ಪಾಠಗಳ ಮಾತು ಈಚೆಗೆ ನಮ್ಮ ನಗರಗಳಲ್ಲಿಯೂ ಕೇಳಿಬರುತ್ತಿರುವುದು. ಇಂಥ ಪಾಠಗಳಿಗೆ ಮಕ್ಕಳನ್ನು ಕಳುಹಿಸಬಹುದೆ ಎಂದು ಮಿತ್ರರು ನಮ್ಮನ್ನು ಕೇಳುವುದುಂಟು. ಕಳುಹಿಸುವವರು ಏನು ಮಾಡಬೇಕೆಂಬುದಕ್ಕೆ ಮೊದಲು, ಕರೆಸಿಕೊಳ್ಳುವವರು ಏನು ಮಾಡಿರುವರೆಂಬುದನ್ನು ನೋಡುವುದು ಲೇಸೆಂದು ನಮಗೆ ತೋರುವುದು.

ಪೆರೂಜದಲ್ಲಿ 1308ರಷ್ಟು ಹಿಂದೆಯೇ ಹುಟ್ಟಿದ ಹಳೆಯ ವಿಶ್ವವಿದ್ಯಾನಿಲಯವೊಂದು ಇದ್ದೇ ಇತ್ತು. ಆದರೂ 1921ರಲ್ಲಿ ಆ ಊರಿನ ವಕೀಲರಾದ ಆಸ್ತೋರ್ರೆ ಲುಪಾತ್ತೆಲ್ಲಿ ಎಂಬವರು, ಉಂಬ್ರಿಯದ ಚರಿತ್ರೆಯನ್ನೂ ಕಲೆಯನ್ನೂ ನಾಡಿನವರಿಗೂ ಹೊರಗಿನವರಿಗೂ ತಿಳಿಸಬೇಕೆಂದು ಉಪನ್ಯಾಸಮಾಲೆಯೊಂದನ್ನು ಏರ್ಪಡಿಸಿದರು. ನಾಲ್ಕೇ ವರ್ಷಗಳಲ್ಲಿ, ಎಂದರೆ 1925ರಲ್ಲಿ, ರಾಜಶಾಸನದ ಮೂಲಕ ಅದು ವಿಶ್ವವಿದ್ಯಾನಿಲಯವೆನಿಸಿತು. ಗಾಲ್ಲೆಂಗಾ ವಂಶದ ಕೌಂಟ್ ಒಬ್ಬರ ಅರಮನೆ ಅದಕ್ಕೆ ನೆಲೆಯಾಯಿತು. ಕೆಲಸವನ್ನು ಮೊದಲು ಮಾಡಿದವನು ಊರಿನ ಒಬ್ಬ ವಕೀಲ. ಸರ್ಕಾರದ ಮುದ್ರೆ ಬಿದ್ದುದು ಆಮೇಲೆ. ಅಧಿಕಾರಸ್ಥಾನದಲ್ಲಿರುವ ನಮ್ಮ ವಾಚಕರು ಈ ಕ್ರಮವನ್ನು ಗಮನಿಸಬೇಕು.

ಅಲ್ಲಿನ ಪಾಠಕ್ಕೆ ಊರೇ ಪುಸ್ತಕ. ಚೌಕದ ನಡುವೆ ಒಂದು ಕಾರಂಜಿ ಇರುವುದು. ನಿಕೋಲ ಪಿಸಾನೋ ಮತ್ತು ಅವನ ಮಗ ಜೊವಾನ್ನಿ ಅದನ್ನು 1278ರಲ್ಲಿ ಮುಗಿಸಿದರು. ಅದರ ಸುತ್ತಲಿನ ಫಲಕಗಳಲ್ಲಿ ಹನ್ನೆರಡು ತಿಂಗಳ ರೈತರ ಕೆಲಸಗಳು, ವ್ಯಾಕರಣವೇ ಮೊದಲಾದ ವಿದ್ಯೆಗಳು, ಈಸೋಪನ ತೋಳ ಕೊಕ್ಕರೆಗಳ ಕತೆ, ಎಲ್ಲವೂ ಕೆತ್ತಿವೆ. ನೀರಿಗೆಂದು ಬಂದವರು ಕತೆಯನ್ನೂ ನೋಡಿಕೊಂಡು ಹೋಗುತ್ತಿದ್ದ ಕಾಲವದು. ಅಲ್ಲಿಂದ ನಾಲ್ಕು ಹೆಜ್ಜೆಯ ದೂರದಲ್ಲಿ ಚಿನಿವಾರರ ಸಂಘದ ಸಭಾಮಂದಿರವಿದೆ. ಅದರ ಗೋಡೆಗಳಿಗೆ 1496ರಿಂದ 1500ರ ವರೆಗೆ ಚಿತ್ರ ಬರೆದವನು ಪೆರುಜಿನೋ. ಯಾವ ಯಾವ ಮಹಾಪುರುಷರನ್ನು ಎಲ್ಲೆಲ್ಲಿ ನಿಲ್ಲಿಸಬೇಕೆಂದು ಹೇಳಿಕೊಟ್ಟವನು ಅಲಂಕಾರಶಾಸ್ತ್ರವನ್ನು ಬೋಧಿಸುತ್ತಿದ್ದ ಮಾತುರಾಂತ್ಸಿಯೋ ಎಂಬ ಪಂಡಿತನೆಂದು ಹೇಳುವರು. ಹಣವನ್ನು ತೂಗಿ ಎಣಿಸುವವರ ಮಂದಿರದಲ್ಲಿ ಸಾಕ್ರಟೀಸನು ನಿಂತಿರುವನು! ಸಾಹಿತ್ಯವೊಂದು ಕೋಣೆಯಲ್ಲಿ, ಕಲೆಯೊಂದು ಕೋಣೆಯಲ್ಲಿ ಎಂದು ನಮ್ಮ ಪಠ್ಯಕ್ರಮಗಳು ಹಾಕಿಕೊಂಡಿರುವ ಅಡ್ಡಗೋಡೆ ಇಲ್ಲಿ ತಾನಾಗಿಯೇ ಬಿದ್ದುಹೋಗುವುದು.

ಇನ್ನೂ ಸ್ವಲ್ಪ ಮೇಲಕ್ಕೆ ಹತ್ತಿದರೆ ಸಂತ ಸೆವೇರೋನ ಚಿಕ್ಕ ಗುಡಿ. ಅದರ ಗೋಡೆಯ ಚಿತ್ರದ ವಿಚಾರವನ್ನು ಹೇಳದೆ ಮುಂದಕ್ಕೆ ಹೋಗಲಾರೆವು. 1505ರ ಸುಮಾರಿಗೆ ಇಪ್ಪತ್ತು ದಾಟಿದ್ದ ರಾಫೇಲನು ಹಸಿಗಾರೆಯ ಮೇಲೆ ಅದರ ಮೇಲ್ಭಾಗವನ್ನು ಬರೆದು, ಕೆಳಭಾಗವನ್ನು ಹಾಗೆಯೇ ಬಿಟ್ಟು ಹೊರಟುಹೋದನು. ಫ್ಲಾರೆನ್ಸೂ ರೋಮೂ ಅವನನ್ನು ಹಿಂದಿರುಗಗೊಡಲಿಲ್ಲ. 1520ರಲ್ಲಿ, ತನ್ನ 37ನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡನು. ಮರುವರ್ಷ ಆ ಬರಿಯ ಗೋಡೆಯ ಮುಂದೆ ಕುಂಚ ಹಿಡಿದು ನಿಂತವನು, ಅವನ ಗುರುವೆಂದು ಪ್ರಸಿದ್ಧನಾದ ಪೆರುಜಿನೋ. ಎಪ್ಪತ್ತು ದಾಟಿದ ಮುದುಕ, ಲೋಕವೆಲ್ಲ ಹೊಗಳಿದ ಶಿಷ್ಯನ ಚಿತ್ರದ ಕೆಳಗೆ ಆರು ಜನ ಸಂತರನ್ನು ಬರೆದು ಮುಗಿಸಿದನು. ಗುರುವಿನ ಕೈ ಆಗ ನಡುಗಿತ್ತೋ ಇಲ್ಲವೋ, ಮೇಲಿನ ಭಾಗದ ಹುರುಪು ಕೆಳಗಿಲ್ಲವೆಂಬುದನ್ನು ನೋಡಿದವರೆಲ್ಲ ಒಪ್ಪುವರು. ಅದೇ ಗೋಡೆಯ ಮುಂದೆ ಅರ್ಧ ಗಂಟೆ ನಿಂತ ವಿದ್ಯಾರ್ಥಿಗೆ ಗುರುಶಿಷ್ಯರ ವಿಚಾರವಾಗಿ ಬೇರೆ ಉಪನ್ಯಾಸವೇತಕ್ಕೆ?

ಕಣಿವೆಯ ಆಚೆಗೆ ಅಸ್ಸೀಸಿ ಕಾಣುವುದು. ಸಂತ ಫ್ರಾನ್ಸಿಸನು ತನ್ನ ಕಡೆಗಾಲದಲ್ಲಿ, 1225ರ ಸುಮಾರಿಗೆ, ಸೂರ್ಯ ಚಂದ್ರರನ್ನೂ ಗಾಳಿ ನೀರುಗಳನ್ನೂ ಒಡಹುಟ್ಟಿದವರೆಂದು ಕರೆದು ಹಾಡಿದ ಸ್ತೋತ್ರವು ಇಟಲಿಯ ಸಾಹಿತ್ಯದ ಮೊತ್ತಮೊದಲ ಕೃತಿಗಳಲ್ಲೊಂದು. ಧರ್ಮಪೀಠದ ಭಾಷೆ ಲ್ಯಾಟಿನ್ ಆಗಿದ್ದ ಕಾಲದಲ್ಲಿ ಅವನು ಹಾಡಿದುದು ಉಂಬ್ರಿಯದ ಸಾಮಾನ್ಯರ ಆಡುಮಾತಿನಲ್ಲಿ. ಅದಕ್ಕೂ ಹಿಂದಿನ ಶತಮಾನದಲ್ಲಿ ಕಲ್ಯಾಣದಲ್ಲಿ ನಡೆದುದನ್ನು ಬಲ್ಲ ಕನ್ನಡಿಗನಿಗೆ ಇದರ ಮರ್ಮವನ್ನು ವಿವರಿಸಬೇಕಾಗಿಲ್ಲ. ಆ ಸಂತನನ್ನು ಕೊಂಡಾಡುವ ದಾಂತೆಯು ತನ್ನ ಮಹಾಕಾವ್ಯದ ಸ್ವರ್ಗಖಂಡದ 11ನೆಯ ಸರ್ಗದಲ್ಲಿ ಪೆರೂಜದ ಸೂರ್ಯದ್ವಾರವನ್ನೂ ಹೆಸರಿಸಿರುವನು. ಬೆಳಿಗ್ಗೆ ಆ ಸರ್ಗವನ್ನು ಓದಿದ ವಿದ್ಯಾರ್ಥಿ ಸಂಜೆ ಆ ಹೆಸರಿನ ಎತ್ತರದಲ್ಲಿಯೇ ನಿಂತು ಗಾಳಿ ಸೇವಿಸಬಹುದು. ಅಸ್ಸೀಸಿಯ ದೇವಾಲಯದ ಗೋಡೆಗಳಲ್ಲಿ ಫ್ರಾನ್ಸಿಸನ ಜೀವನದ 28 ಚಿತ್ರಗಳಿರುವುವು. ಅವುಗಳನ್ನು ಬರೆದವನು ಜೊತ್ತೋ ಹೌದೋ ಅಲ್ಲವೋ ಎಂಬ ಪಂಡಿತರ ಜಗಳ ಇನ್ನೂ ತೀರಿಲ್ಲ. 1997ರ ಸೆಪ್ಟೆಂಬರಿನ ಭೂಕಂಪದಲ್ಲಿ ಆ ದೇವಾಲಯದ ಕಮಾನುಗಳ ಭಾಗಗಳು ಕುಸಿದು ನಾಲ್ವರು ಮಡಿದರು. ಪುಡಿಪುಡಿಯಾಗಿ ಬಿದ್ದ ಚಿತ್ರಗಳನ್ನು ಚೂರು ಚೂರಾಗಿ ಆಯ್ದು ಕೂಡಿಸತೊಡಗಿದರು. ತಮ್ಮದೆಂಬ ಅಭಿಮಾನವಿಲ್ಲದವರು ಮಾಡುವ ಕೆಲಸವಲ್ಲ ಅದು.

ಅಭಿಮಾನವು ದುರಭಿಮಾನವಾದ ಕತೆಯೂ ಆ ವಿಶ್ವವಿದ್ಯಾನಿಲಯಕ್ಕೆ ಇಲ್ಲದಿಲ್ಲ. ಅದನ್ನು ಮರೆಮಾಚುವುದು ಪತ್ರಿಕಾಧರ್ಮವಲ್ಲ. 1926ರ ಅಕ್ಟೋಬರಿನಲ್ಲಿ ಮುಸ್ಸೋಲಿನಿಯು ಅಲ್ಲಿಯೇ ನಿಂತು ಪ್ರಾಚೀನ ರೋಮಿನ ಕಡಲ ಪ್ರಭುತ್ವವನ್ನು ಕುರಿತು ಉಪನ್ಯಾಸ ಮಾಡಿದನು. ಅವನಿಗೆ ಬೇಕಾಗಿದ್ದುದು ಪ್ರಾಚೀನ ರೋಮಲ್ಲವೆಂಬುದು ಲೋಕಕ್ಕೆ ಬೇಗನೆ ತಿಳಿಯಿತು. ಅದೇ ವರ್ಷ ರವೀಂದ್ರನಾಥ ಠಾಕೂರರು ಅವನ ಸರ್ಕಾರದ ಅತಿಥಿಗಳಾಗಿ ಇಟಲಿಗೆ ಹೋಗಿದ್ದರು. ಇಟಲಿಯಿಂದ ಫಾರ್ಮಿಕಿ, ತುಚ್ಚಿ ಎಂಬ ಪಂಡಿತರು ಅದಕ್ಕೆ ಮೊದಲೇ ಶಾಂತಿನಿಕೇತನಕ್ಕೆ ಬಂದಿದ್ದರಷ್ಟೆ. ಆತಿಥ್ಯವನ್ನು ಸ್ವೀಕರಿಸಿದ ಕವಿಗಳು, ದೇಶಭ್ರಷ್ಟರಾದ ಇಟಲಿಯವರ ಬಾಯಿಂದ ನಿಜವನ್ನು ಕೇಳಿದ ಮೇಲೆ, ಆ ಪ್ರಭುತ್ವವನ್ನು ಇಂಗ್ಲೆಂಡಿನ ಪತ್ರಿಕೆಯಲ್ಲಿಯೇ ಬಹಿರಂಗವಾಗಿ ಖಂಡಿಸಿದರು. ಪಂಡಿತರ ಋಣ ಬೇರೆ, ಪ್ರಭುವಿನ ಋಣ ಬೇರೆ ಎಂಬ ವಿವೇಕ ಅವರಿಗಿತ್ತು. ಪರದೇಶಕ್ಕೆ ಕಲಿಯಲು ಹೋಗುವ ನಮ್ಮ ತರುಣರಿಗೂ ಅಷ್ಟು ವಿವೇಕ ಇರಲಿ.

ಈಗ ಮಿತ್ರರ ಪ್ರಶ್ನೆಗೆ ಬರೋಣ. ಬೇಸಿಗೆಯ ಪಾಠಗಳಲ್ಲಿ ಎರಡು ಬಗೆಯುಂಟು. ಹೋದ ನಾಡಿನ ಮಾತನ್ನು ಮೊದಲು ಕಲಿತು, ಆ ನಾಡಿನ ಗುರುಗಳಿಂದಲೇ ಪಾಠ ಹೇಳಿಸಿಕೊಳ್ಳುವುದೊಂದು. ತಮ್ಮ ಕಾಲೇಜಿನ ಅಧ್ಯಾಪಕರನ್ನೇ ಜೊತೆಯಲ್ಲಿ ಕರೆದುಕೊಂಡು ಹೋಗಿ, ಫ್ಲಾರೆನ್ಸಿನಲ್ಲಿಯೋ ರೋಮಿನಲ್ಲಿಯೋ ಕುಳಿತು ಇಂಗ್ಲೀಷಿನಲ್ಲಿ ಪಾಠ ಕೇಳಿ, ನಾಲ್ಕೈದು ವಾರಗಳಲ್ಲಿ ಅಂಕಗಳೊಂದಿಗೆ ಮರಳುವುದು ಇನ್ನೊಂದು. ಅಮೆರಿಕದವರಲ್ಲಿ ಈ ಎರಡನೆಯ ಬಗೆ ಬಲು ಬಳಕೆಯಲ್ಲಿರುವುದು. ಬುತ್ತಿ ಕಟ್ಟಿಕೊಂಡು ಹೋಗಿ ನೆಂಟರ ಜಗಲಿಯ ಮೇಲೆ ಕುಳಿತು ಉಂಡು ಬಂದಂತೆ ಇದು. ನೆಂಟರ ಮನೆಯ ಅಡಿಗೆಯ ರುಚಿ ತಿಳಿಯಲಿಲ್ಲ. ಹಾಗೆಂದು ಇದು ಕೇವಲ ವ್ಯರ್ಥವೆಂದು ನಾವು ಹೇಳುವುದಿಲ್ಲ. ನಾವು ಶಾಲೆಯಲ್ಲಿ ಇಂಗ್ಲೆಂಡಿನ ಹೂಗಳ ಮೇಲಿನ ಪದ್ಯಗಳನ್ನು ಬಾಯಿಪಾಠ ಮಾಡಿದೆವು. ಆ ಹೂಗಳ ಬಣ್ಣವೇನೆಂಬುದು ನಮ್ಮ ಮೇಷ್ಟರಿಗೂ ಗೊತ್ತಿರಲಿಲ್ಲ. ಕಣ್ಣಿಂದ ಕಂಡುಬರುವುದೂ ಒಂದು ಲಾಭವೇ. ಆದರೆ ಸಾಲ ಮಾಡಿ ಕೊಳ್ಳಬೇಕಾದ ಲಾಭವಲ್ಲ. ಹಣವಿದ್ದವರ ಮಕ್ಕಳಿಗೆ ಮಾತ್ರ ದೊರೆಯುವುದಾದರೆ ಅದನ್ನು ವಿದ್ಯೆಯೆನ್ನುವುದಕ್ಕಿಂತ ಪ್ರವಾಸವೆನ್ನುವುದೇ ನ್ಯಾಯ. ಕಳುಹಿಸುವುದಾದರೆ ಮೊದಲನೆಯ ಬಗೆಗೆ ಕಳುಹಿಸಿರಿ. ಅದಕ್ಕೂ ಆರು ತಿಂಗಳು ಮೊದಲು ಮನೆಯಲ್ಲಿಯೇ ಆ ಭಾಷೆಯ ವ್ಯಾಕರಣವನ್ನು ಓದಿಸಿರಿ.

ಇನ್ನು ಕರೆಸಿಕೊಳ್ಳುವ ಮಾತು. ಅಮೆರಿಕದ ಸಂಸ್ಥೆಯೊಂದರ ಏರ್ಪಾಟಿನಿಂದ ಅಲ್ಲಿನ ವಿದ್ಯಾರ್ಥಿಗಳು ಮೈಸೂರಿಗೆ ಬಂದು ಕನ್ನಡ ಕಲಿತು ಹೋಗುವುದುಂಟು. ಸಂತೋಷದ ಸಂಗತಿ, ಆದರೆ ಏರ್ಪಾಟು ಅವರದು, ನಮ್ಮದಲ್ಲ. ಬಾದಾಮಿಯನ್ನು ನೋಡಿರಿ. 578ರಲ್ಲಿ ಮಂಗಲೇಶನು ಕೊರೆಯಿಸಿದ ಗುಹಾದೇವಾಲಯ ಅಲ್ಲಿರುವುದು. ಅದೇ ಊರಿನ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ, ನಮಗೆ ದೊರೆತಿರುವ ತ್ರಿಪದಿಗಳಲ್ಲಿ ಮೊತ್ತಮೊದಲಿನದು, ಇರುವುದು. ಶಿಲ್ಪವೂ ಛಂದಸ್ಸೂ ಒಂದೇ ಕಲ್ಲಿನಲ್ಲಿ, ಒಂದೇ ಕೆರೆಯ ದಡದಲ್ಲಿ! ಪೆರೂಜದವರಿಗೆ ಇಂಥದು ದೊರೆತಿದ್ದರೆ ಸುಮ್ಮನಿರುತ್ತಿದ್ದರೆ? ಯೂರೋಪಿನವರ ಬೇಸಿಗೆಯ ರಜೆ ನಮಗೆ ಮಳೆಗಾಲ; ಬಾದಾಮಿಯ ಬಿಸಿಲಿನ ಭಯವನ್ನೂ ಯಾರೂ ಹೇಳುವಂತಿಲ್ಲ. ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಯಾವುದಾದರೂ ಒಂದು, ಮುಂದಿನ ಜುಲೈ ತಿಂಗಳಿಗೆ ಅಲ್ಲೊಂದು ಮನೆಯನ್ನು ಬಾಡಿಗೆಗೆ ಹಿಡಿದು, ಹಳಗನ್ನಡ ಬಲ್ಲ ಒಬ್ಬರನ್ನೂ ಶಿಲ್ಪ ಬಲ್ಲ ಒಬ್ಬರನ್ನೂ ನೇಮಿಸಿ, ಹತ್ತು ಜನ ಪರದೇಶೀಯರಿಗೆ ಕನ್ನಡದಲ್ಲಿಯೇ ಪಾಠ ಹೇಳಲಿ. ಅವರೊಡನೆ ಕುಳಿತು ಕೇಳಲು ನಮ್ಮ ಊರುಗಳ ಹತ್ತು ಮಂದಿ ಬಡ ವಿದ್ಯಾರ್ಥಿಗಳಿಗೂ ಸ್ಥಳವಿರಲಿ. ಅಂಥ ಪಾಠಗಳ ಪ್ರಕಟಣೆಯನ್ನು ಕಾಸು ತೆಗೆದುಕೊಳ್ಳದೆ ಇದೇ ಪುಟದಲ್ಲಿ ಅಚ್ಚು ಹಾಕುವುದಕ್ಕೆ ನಾವು ಸಿದ್ಧರಿದ್ದೇವೆ.